ಕನ್ನಡಕದೊಳಗಿನ ಕಾಯಿಪಲ್ಲೆ ಮಾರ್ಕೆಟ್ಟು

ಗುರುಪಾದಪ್ಪ ಹೊಸ ಯಂತ್ರಕ್ಕೆ ಕುಂಕುಮ ಹಚ್ಚಿದ, ಊದಿನಕಡ್ಡಿ ಬೆಳಗಿದ, ಆಮೇಲೆ ಅದರ ಮುಂದೆಯೇ ತೆಂಗಿನಕಾಯಿ ಒಡೆಯಲು ಕೈ ಎತ್ತಿದ. ಅಣ್ಣ ವೀರಭದ್ರಪ್ಪ ಆ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡರು.

"ವೈರಿನ ಮ್ಯಾಲ ಕಾಯಿನೀರು ಬಿದ್ರ ಪೂಜಿ ಜೊತಿಗೆ ತಿಥೀನೂ ಆಗ್ತದ. ಕಾಯಿ ಒಳಗಿಡು, ಮಧ್ಯಾಹ್ನ ಚಟ್ನಿ ಆಗ್ಲಿ!"

ಅಣ್ಣನಿಗೆ ತಮ್ಮನ ಯಂತ್ರಗಳ ಅನುಭವ ಸಾಕಷ್ಟಿತ್ತು. ಗುರುಪಾದಪ್ಪ ಐ.ಟಿ.ಐ.ಯಲ್ಲಿ ಮೂವತ್ತು ವರ್ಷ ಹುಡುಗರಿಗೆ ರೇಡಿಯೋ ಬಿಚ್ಚುವುದನ್ನು ಕಲಿಸಿ ನಿವೃತ್ತನಾದವನು. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಒಂದು ಯಂತ್ರ ಅರ್ಧಕ್ಕೆ ನಿಂತಿರುತ್ತಿತ್ತಾದ್ದರಿಂದ ಬ್ರಹ್ಮಚಾರಿಯಾಗಿಯೇ ಉಳಿದು, ಗದಗಿನ ಆ ಹಳೆಯ ಮನೆಯ ಮಾಳಿಗೆಯ ಮೇಲೆ ವಾಸವಾಗಿದ್ದ. ಹೋದ ವರ್ಷ ಅವನು ಮಾಡಿದ ರೊಟ್ಟಿ ಬಡಿಯುವ ಯಂತ್ರ ಎರಡು ರೊಟ್ಟಿ ಚೆನ್ನಾಗಿಯೇ ಬಡಿದು, ಮೂರನೆಯದಕ್ಕೆ ಹಿಟ್ಟು ಇಡುವುದು ತಡವಾಯಿತೆಂದು ಗೋಡೆ ಗಡಿಯಾರವನ್ನು ಬಡಿದಿತ್ತು.

ಆದರೆ ಈ ಸಲದ ಯಂತ್ರ ಬೇರೆ. ಇದು ಅತ್ತಿಗೆ ನೀಲಗಂಗವ್ವನ ಮೊಣಕಾಲಿಗಾಗಿ ಹುಟ್ಟಿದ್ದು.

ನಾಲ್ಕು ವಾರದ ಹಿಂದೆ ನೀಲಗಂಗವ್ವನ ಬಲ ಮೊಣಕಾಲು ಬದಲಿಸುವ ಆಪರೇಷನ್ ಆಗಿತ್ತು. ಕೀಲು ಚೆನ್ನಾಗಿ ಕೂತಿದೆ, ಇನ್ನು ನಡೆಯಬೇಕು, ಬಗ್ಗಿಸಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆರು ವಾರ ತುಂಬುವುದರೊಳಗೆ ಮೊಣಕಾಲು ತೊಂಬತ್ತು ಡಿಗ್ರಿ ಬಗ್ಗಬೇಕು. ಬಗ್ಗದಿದ್ದರೆ ಮತ್ತೊಮ್ಮೆ ಅರಿವಳಿಕೆ ಕೊಟ್ಟು, ಒತ್ತಿ ಬಗ್ಗಿಸಬೇಕಾಗುತ್ತದೆ.

"ಒತ್ತಿ ಬಗ್ಗಸಾಕ ನಾ ಏನು ಸೈಕಲ್ಲಿನ ಮಡ್‌ಗಾರ್ಡೇನು?" ಎಂದು ನೀಲಗಂಗವ್ವ ಬಯ್ದಿದ್ದಳು. ಬಯ್ಗುಳದ ಹಿಂದೆ ಹೆದರಿಕೆ ಇದ್ದದ್ದು ಗಂಡನಿಗೆ ಗೊತ್ತಾಗಿತ್ತು. ಆಪರೇಷನ್ನಿನ ದಿನ ಅವಳು ಗಟ್ಟಿಯಾಗಿ ಹಿಡಿದಿದ್ದ ಅವರ ಅಂಗಿಯ ತೋಳಿನ ನೆರಿಗೆ ಇಸ್ತ್ರಿಗೂ ಹೋಗಿರಲಿಲ್ಲ.

ಇಷ್ಟಾದರೂ ಅವಳು ವ್ಯಾಯಾಮ ಮಾಡುತ್ತಿರಲಿಲ್ಲ. ಕಲಿಸಲು ಬಂದ ಹುಡುಗಿ ಈ ಗೋಡೆ ಮುಟ್ಟಿ ಆ ಗೋಡೆಗೆ ಹೋಗಿ ಅಂದರೆ, "ಆ ಗ್ವಾಡಿಯಾಗ ಏನೈತವ್ವ?" ಎಂದು ಕೇಳಿ ಕೂತುಬಿಡುತ್ತಿದ್ದಳು. ಅರವತ್ತಮೂರು ವರ್ಷದಲ್ಲಿ ಅವಳು ಕೆಲಸವಿಲ್ಲದೆ ಒಂದು ಹೆಜ್ಜೆ ಇಟ್ಟವಳಲ್ಲ. ನಾಲ್ಕು ವಾರ ಕಳೆದರೂ ಮೊಣಕಾಲು ಐವತ್ತೆಂಟರಲ್ಲೇ ನಿಂತಿತ್ತು.

"ಇದು ಬರೇ ಕನ್ನಡಕ ಅಲ್ಲ ವೈನಿ," ಗುರುಪಾದಪ್ಪ ಬೂಟಿನ ಡಬ್ಬಿಯಷ್ಟು ದಪ್ಪನೆಯ ಕಪ್ಪು ಕನ್ನಡಕವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ. "ಒಂದು ಲೋಕ! ನಿಮ್ಮ ಅಗತ್ಯಕ್ಕ ತಕ್ಕಂಗ ಅಳತಿ ತಗೊಂಡು ಹೊಲಿದ ಲೋಕ! ಮಣಕಾಲಿಗೆ ಈ ಪಟ್ಟಿ. ನೀವು ಎಷ್ಟು ಬಗ್ಗಿಸಿದ್ರಿ, ಎಷ್ಟು ನಡದ್ರಿ, ಎಲ್ಲಾ ನನ್ನ ಲ್ಯಾಪ್‌ಟಾಪಿನಾಗ ಬರ್ತದ."

"ಅಳತಿ ಯಾವಾಗ ತಗೊಂಡ್ಯೋ ತಮ್ಮಾ?"

"ಹೋದ ವಾರ ನಲವತ್ತು ಪ್ರಶ್ನಿ ಕೇಳಿದ್ನೆಲ್ಲಾ!"

ಕೇಳಿದ್ದು ನಿಜ. ನೀಲಗಂಗವ್ವ ಆಗ ಅವರೆಕಾಯಿ ಸುಲಿಯುತ್ತ ನಲವತ್ತಕ್ಕೂ ಒಂದೇ ಉತ್ತರ ಕೊಟ್ಟಿದ್ದಳು: "ನಿನಗ ತಿಳದಂಗ ಬರಕೋ." ಗುರುಪಾದಪ್ಪ ತನಗೆ ತಿಳಿದಂತೆಯೇ ಬರೆದುಕೊಂಡಿದ್ದ. ಅವನಿಗೆ ಚಿಕ್ಕಂದಿನಿಂದ ಹಿಮ ನೋಡುವ ಆಸೆ.

ಕನ್ನಡಕ ಏರಿತು. ನೀಲಗಂಗವ್ವ ಊರುಗೋಲು ಹಿಡಿದು ಪಡಸಾಲೆಯ ನಡುವೆ ನಿಂತಳು.

"ಹೆಂಗೈತ್ರಿ ವೈನಿ?"

"ಬೆಳ್ಳಗೈತಿ."

"ಮುಂದ ನೋಡ್ರಿ, ಮುಂದ!"

"ಮುಂದೂ ಬೆಳ್ಳಗೈತಿ. ಒಂದು ಮನಿ ಇಲ್ಲ, ಒಂದು ದನ ಇಲ್ಲ. ಎಲ್ಲಾರೂ ಊರು ಬಿಟ್ಟು ಹೋಗ್ಯಾರೇನು?"

"ಅದು ಹಿಮದ ಬೆಟ್ಟ ವೈನಿ! ನಡೀರಿ, ಆ ತುದಿಗೆ ನಡೀರಿ!"

"ಆ ತುದಿಯಾಗ ಏನೈತಿ?"

"ಅಲ್ಲೂ ಹಿಮ!"

"ಹಂಗಾರ ಇಲ್ಲಿಂದಽ ಸಾಕು," ಎಂದು ನೀಲಗಂಗವ್ವ ಕನ್ನಡಕವನ್ನು ಗಬಕ್ಕನೆ ಕಿತ್ತಳು. ಬೆಟ್ಟ ಹೋಗಿ ಪಡಸಾಲೆ ಬಂದ ರಭಸಕ್ಕೆ ತಲೆ ಗಿರ್ ಎಂದಿತು, ಊರುಗೋಲು ಜಾರಿತು. ವೀರಭದ್ರಪ್ಪ ಹಿಂದೆಯೇ ಇದ್ದದ್ದಕ್ಕೆ ಹಿಡಿದರು. ಇಲ್ಲದಿದ್ದರೆ ಹೊಸ ಕೀಲಿನ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಅಂದಿನಿಂದ ಮನೆಯಲ್ಲಿ ಒಂದು ಕಾನೂನಾಯಿತು. ಕನ್ನಡಕವನ್ನು ನೀಲಗಂಗವ್ವನೇ ತೆಗೆಯಬೇಕು, ಅದೂ ಕೂತುಕೊಂಡು. ನಿಂತಿದ್ದಾಗ ಯಾರೂ ಮುಟ್ಟಬಾರದು.

ಗುರುಪಾದಪ್ಪ ಎರಡು ದಿನ ಮಾಳಿಗೆ ಇಳಿಯಲಿಲ್ಲ. ಮೂರನೆಯ ದಿನ ಅಣ್ಣ ಚಹಾ ತೆಗೆದುಕೊಂಡು ಮೇಲೆ ಹೋದರು. ವೀರಭದ್ರಪ್ಪ ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರಾಗಿದ್ದವರು. ಜನರಿಗೆ ಏನು ಬೇಕೆಂಬುದು ಅವರ ಬಾಯಿಂದ ಬರುವುದಿಲ್ಲ, ಕಾಲಿಂದ ಬರುತ್ತದೆ ಎಂದು ನಂಬಿದವರು. ಇಳಿಯುವವನು ಸ್ಟಾಪಿನ ಹೆಸರು ಹೇಳುವ ಮೊದಲೇ ಅವನ ಕಾಲು ಬಾಗಿಲ ಕಡೆ ತಿರುಗಿರುತ್ತದೆ.

"ಹಾಳಿ-ಪೆನ್ನು ಹಿಡಕೊಂಡು ಕೇಳಿದ್ರ ಯಾರು ಹೇಳ್ತಾರೋ? ಅಕಿ ಯಾವುದಕ್ಕ ಸಿಟ್ಟಾಗ್ತಾಳ ನೋಡು. ದಿನಾ ಮುಂಜಾನೆ ನಾ ಮಾರ್ಕೆಟ್ಟಿಂದ ಬಂದ ಕೂಡ್ಲೇ ಏನಾಗ್ತದ?"

ಗುರುಪಾದಪ್ಪನಿಗೆ ಗೊತ್ತಿತ್ತು. ಇಡೀ ಓಣಿಗೇ ಗೊತ್ತಿತ್ತು. ವೀರಭದ್ರಪ್ಪ ಚೀಲ ಸುರಿದೊಡನೆ ವಿಚಾರಣೆ ಶುರುವಾಗುತ್ತಿತ್ತು. "ಇದು ಬದನಿಕಾಯೇನು, ಹುಳದ ಛತ್ರಾನೋ? ಹುಸೇನಬಿ ಹೇಳಿದಷ್ಟು ಕೊಟ್ಟು ಬಂದ್ರ್ಯಾ? ತಿರುಗಿ ಹತ್ತು ಹೆಜ್ಜಿ ಹೋಗಾಕ ಏನಾಗಿತ್ತು? ಕಾಲು ನನ್ನವು ಕೆಟ್ಟಾವೋ, ನಿಮ್ಮವೋ?"

ಹುಸೇನಬಿ ಮಾರ್ಕೆಟ್ಟಿನ ತುದಿಯಲ್ಲಿ ಇಪ್ಪತ್ತು ವರ್ಷದಿಂದ ಬುಟ್ಟಿ ಇಟ್ಟು ಕೂರುವವಳು. ಅವಳಿಗೂ ನೀಲಗಂಗವ್ವನಿಗೂ ಒಂದು ಪದ್ಧತಿ ಇತ್ತು. ಹುಸೇನಬಿ ಒಂದು ದರ ಹೇಳುವಳು. ನೀಲಗಂಗವ್ವ ಅದರ ಅರ್ಧ ಹೇಳುವಳು. ಇಬ್ಬರೂ ಒಬ್ಬರ ಮೇಲೊಬ್ಬರು ದೇವರನ್ನು ಕರೆಯುವರು. ನೀಲಗಂಗವ್ವ ಸೆರಗು ಬಿಗಿದು, ಹಿಂದೆ ನೋಡದೆ ಹೊರಟುಬಿಡುವಳು. ಹತ್ತನೆಯ ಹೆಜ್ಜೆಗೆ ಹಿಂದಿನಿಂದ ಕೂಗು ಬರುವುದು: "ಯಕ್ಕಾ, ಬಾ ಇಲ್ಲೆ! ನಿನ್ನ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ, ನಡುವಿಂದು ಕೊಡು!" ಕರೆಯುವ ಮೊದಲೇ ತಿರುಗಿ ನೋಡಿದವರು ಸೋತಂತೆ. ಇಪ್ಪತ್ತು ವರ್ಷದಲ್ಲಿ ನೀಲಗಂಗವ್ವ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ಅಣ್ಣಾ," ಗುರುಪಾದಪ್ಪ ಚಹಾದ ಲೋಟ ಕೆಳಗಿಟ್ಟ, "ಒಂದು ಸಲ ಹೋದ್ರ ಹತ್ತು ಹೆಜ್ಜಿ. ಬಂದ್ರ ಹತ್ತು. ಹತ್ತು ಥರದ ಕಾಯಿಪಲ್ಲೆಗೆ?"

"ನಾನೂ ಅದನ್ನಽ ಲೆಕ್ಕ ಹಾಕೀನಿ. ಚಹಾ ಕುಡಿ, ಆರ್ತದ."

ಗುರುಪಾದಪ್ಪ ಮಾರ್ಕೆಟ್ಟಿಗೆ ಹೋಗಿ ಎರಡು ತಾಸು ಹುಸೇನಬಿಯ ಎದುರು ಕೂತು ಅವಳ ಮಾತು, ಮುಖ, ಬುಟ್ಟಿ ಎಲ್ಲವನ್ನೂ ಕ್ಯಾಮೆರಾದಲ್ಲಿ ತುಂಬಿಕೊಂಡು ಬಂದ. "ಯಕ್ಕನ ಕಾಲಿಗೆ ಅಂದ್ರ ಎಷ್ಟು ಬೇಕಾದ್ರೂ ಕೂಗ್ತೀನ್ರೀ ಮಾಸ್ತರ," ಎಂದು ಹುಸೇನಬಿ ಹನ್ನೆರಡು ಸಲ ಕೂಗಿ ತೋರಿಸಿದ್ದಳು. ಅಕ್ಕಪಕ್ಕದವರು ಸುಮ್ಮನಿದ್ದಾರೆಯೇ? ಸೊಪ್ಪಿನ ಯಲ್ಲವ್ವ, ಉಳ್ಳಾಗಡ್ಡಿಯ ದಾವಲಸಾಬ ಕೂಡ ಕೂಗಿದರು. ಮೂರು ದಿನಕ್ಕೆ ಇಡೀ ಮಾರ್ಕೆಟ್ಟು ಕನ್ನಡಕದೊಳಗೆ ಬಂದು ಕೂತಿತು.

"ಪಡಸಾಲಿ ಇರೂದು ಹನ್ನೆರಡು ಹೆಜ್ಜಿ," ವೀರಭದ್ರಪ್ಪ ನೆನಪಿಸಿದರು. "ಗ್ವಾಡಿಗೆ ಹಾಯ್ತಾಳ."

"ಅದಕ್ಕಽ ದಾರೀನ ಕಣ್ಣಿಗೆ ಕಾಣದಷ್ಟು ಬಗ್ಗಿಸೀನಿ! ಮಾರಾವ್ರು ಎಲ್ಲಿ ಕೂತಾರೋ ಅದು ನಟ್ಟ ನಡುವು. ವೈನಿ ಅವರ ಸುತ್ತ ಸುತ್ತ ತಿರಗ್ತಾರ, ಆದ್ರ ನೆಟ್ಟಗ ಹೊಂಟೀನಿ ಅನ್ನಿಸ್ತದ. ಗಾಣದ ಎತ್ತಿಗೆ..."

"ಆ ಮಾತು ನಿಮ್ಮ ವೈನಿ ಮುಂದ ಆಡಬ್ಯಾಡ!"

ನೀಲಗಂಗವ್ವ ಮತ್ತೆ ಕನ್ನಡಕ ಹಾಕಿಕೊಳ್ಳಲು ಮೊದಲು ಒಪ್ಪಲಿಲ್ಲ. "ಹೊಳ್ಳಿ ಆ ಬಿಳೇ ಊರಿಗೆ ನಾ ಬರೂದಿಲ್ಲ," ಅಂದಳು. ಕಡೆಗೆ ಗಂಡನ ಮುಖ ನೋಡಿ ಹಾಕಿಕೊಂಡಳು. ಕತ್ತು ಆ ಕಡೆ ಈ ಕಡೆ ತಿರುಗಿತು. ಆಮೇಲೆ ಅವಳ ಕೈ ತಾನೇ ಸೊಂಟಕ್ಕೆ ಹೋಯಿತು.

"ಏನವಾ ಹುಸೇನಬಿ, ನಾ ಇಲ್ಲಂತ ನಮ್ಮ ಮನಿಯವರಿಗೆ ಹುಳಕ ಬದನಿಕಾಯಿ ಕಟ್ಟಿ ಕಳಸ್ತಿಯೇನು?"

ಬಂತು ಜೀವ! ಕನ್ನಡಕದೊಳಗಿನ ಹುಸೇನಬಿ ದರ ಹೇಳಿದಳು. ನೀಲಗಂಗವ್ವ ಅರ್ಧ ಹೇಳಿದಳು. ಸೆರಗು ಬಿಗಿದಳು, ಹೊರಟಳು. ಪಡಸಾಲೆಯ ತೂಗುಮಣೆಯನ್ನು ಅರ್ಧ ಸುತ್ತುವಷ್ಟರಲ್ಲಿ "ಯಕ್ಕಾ, ಬಾ ಇಲ್ಲೆ!" ಎಂಬ ಕೂಗು ಬಂತು. ನೀಲಗಂಗವ್ವನ ಮುಖದಲ್ಲಿ ನಾಲ್ಕು ವಾರದಿಂದ ಇಲ್ಲದ ಕಳೆ ಬಂತು. ಬಗ್ಗಿ ಬುಟ್ಟಿಯಿಂದ ನಾಲ್ಕು ಬದನೆಕಾಯಿ ಆರಿಸಿ, ಎಂದಿನಂತೆ ಹಿಂದೆ ನೋಡದೆಯೇ ಕೈ ಹಿಂದಕ್ಕೆ ಚಾಚಿದಳು.

ಕೈಯಲ್ಲಿ ಏನೂ ಇರಲಿಲ್ಲ. ಚಾಚಿದ ಕೈ ಚಾಚಿಯೇ ಇತ್ತು.

"ಚೀಲ ಎಲ್ಲೈತ್ರಿ? ನಿದ್ದಿ ಮಾಡ್ತೀರೇನು?"

ವೀರಭದ್ರಪ್ಪ ಓಡಿಹೋಗಿ ಅಡುಗೆಮನೆಯಿಂದ ಚೀಲ ತಂದು ಬಾಯಿ ಅಗಲಿಸಿ ಹಿಡಿದರು. ಇಲ್ಲದ ಬದನೆಕಾಯಿ ಚೀಲಕ್ಕೆ ಬಿದ್ದವು. "ಹಾಂ, ಬಿದ್ದುವು," ಅಂದರು. ಅಂದಿನಿಂದ ದಿನಾ ಒಂದು ತಾಸು ಅವರು ಖಾಲಿ ಚೀಲ ಹಿಡಿದು ಹೆಂಡತಿಯ ಹಿಂದೆ ತೂಗುಮಣೆ ಸುತ್ತತೊಡಗಿದರು. ನಲವತ್ತು ವರ್ಷ ಮಾಡಿದ ಕೆಲಸವೇ. ಈಗ ಚೀಲ ಹಗುರ ಅನ್ನುವುದೊಂದೇ ವ್ಯತ್ಯಾಸ.

ಮೊಣಕಾಲು ಅರವತ್ತಕ್ಕೆ ಬಂತು, ಅರವತ್ತೈದಕ್ಕೆ ಬಂತು. ನೀಲಗಂಗವ್ವನದು ಒಂದೇ ತಕರಾರು. "ಎಲ್ಲಾ ಬರೋಬ್ಬರಿ ಐತೋ ತಮ್ಮಾ, ಆದ್ರ ಬದನಿಕಾಯಿ ಕೈಗೆ ಹತ್ತೂದಿಲ್ಲ. ಒತ್ತಿ ನೋಡದಽ ಹೆಂಗ ತಗೊಳ್ಳೂದು?"

"ಅದು ಮುಂದಿನ ಯಂತ್ರದಾಗ ವೈನಿ!"

ಸುಮ್ಮನಿದ್ದರೆ ಅವನು ಗುರುಪಾದಪ್ಪನೇ ಅಲ್ಲ. ಹತ್ತು ಹೆಜ್ಜೆಗೆ ಕರೆಯುತ್ತಿದ್ದ ಹುಸೇನಬಿ ದಿನಕ್ಕೆ ಎರಡೆರಡು ಹೆಜ್ಜೆ ತಡಮಾಡಿ ಕರೆಯುವಂತೆ ಒಂದು ತಿರುಪು ಕೂರಿಸಿದ. ಹನ್ನೆರಡಾಯಿತು, ಹದಿನಾಲ್ಕಾಯಿತು, ಇಪ್ಪತ್ತಾಯಿತು.

"ಈ ಹುಸೇನಬಿಗೆ ಇತ್ತಿತ್ಲಾಗ ಬಾಳ ಸೊಕ್ಕು ಬಂದೈತಿ," ಎನ್ನುತ್ತ ನೀಲಗಂಗವ್ವ ಇಪ್ಪತ್ತು ಹೆಜ್ಜೆಯೂ ನಡೆದಳು. ಒಂದು ದಿನ ಹೀಗೆ ನಡೆಯುತ್ತಿದ್ದಾಗ ಎದುರು ಮನೆಯ ಪಾರವ್ವ ತಮ್ಮ ಗಿಡದ ನುಗ್ಗೆಕಾಯಿ ಕೊಡಲೆಂದು ಒಳಗೆ ಬಂದಳು.

"ನುಗ್ಗಿಕಾಯಿ ತಗೋರಿ ನೀಲವ್ವಕ್ಕ."

"ಹೆಂಗ ಕೊಟ್ಟಿ?" ಕನ್ನಡಕದೊಳಗಿಂದ ಪ್ರಶ್ನೆ ಬಂತು.

"ಅಯ್ಯ, ನಿಮಗೇನು ದರ? ಸುಮ್ನ ತಗೋರಿ."

"ಸುಮ್ನ ಕೊಡಾಕ ಹೊಂಟಿ ಅಂದ್ರ ಒಳಗ ಟೊಳ್ಳು ಇರಬೇಕು. ಬ್ಯಾಡ, ನಡಿ ಮುಂದ!"

ಪಾರವ್ವ ನುಗ್ಗೆಕಾಯಿ ಸಮೇತ ವಾಪಸು ಹೋದಳು. ಎರಡು ದಿನ ಅವಳ ಮನೆಯ ಕಿಟಕಿ ಈ ಕಡೆ ತೆರೆಯಲಿಲ್ಲ. ಮೂರನೆಯ ದಿನ ವೀರಭದ್ರಪ್ಪ ಹೋಗಿ ಅದೇ ನುಗ್ಗೆಕಾಯನ್ನು ಕೇಳಿ ಇಸಿದುಕೊಂಡು ಬಂದು ಸಮಾಧಾನ ಮಾಡಬೇಕಾಯಿತು.

ಮೊಣಕಾಲು ಎಪ್ಪತ್ತನಾಲ್ಕಕ್ಕೆ ಬಂದು ನಿಂತುಬಿಟ್ಟಿತು. ಒಂದು ದಿನ, ಎರಡು ದಿನ, ಮೂರು ದಿನ. ಅಷ್ಟೇ. ಆರು ವಾರ ತುಂಬಲು ಇನ್ನು ಮೂರೇ ದಿನ ಉಳಿದಿತ್ತು. ನೀಲಗಂಗವ್ವ ಊಟ ಕಡಿಮೆ ಮಾಡಿದಳು. ಸಂಜೆ ಕುರ್ಚಿಯಲ್ಲಿ ಕೂತು ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು, "ಒತ್ತುವಾಗ ಎಚ್ಚರಾಗೂದಿಲ್ಲ ಅಂತಾರ. ಖರೇನ ಆಗೂದಿಲ್ಲೇನ್ರಿ?" ಎಂದು ಕೇಳಿದಳು. ವೀರಭದ್ರಪ್ಪ ಕುರ್ಚಿಯ ಪಕ್ಕಕ್ಕೆ ಬಂದು ಕೂತರು. "ಒತ್ತೂ ಪ್ರಸಂಗ ಬರೂದಿಲ್ಲ ಬಿಡು," ಎಂದರು. ಹೇಳಿದ ಮೇಲೆ ಅದಕ್ಕೆ ತಾವೇ ಜವಾಬ್ದಾರರು ಅನ್ನಿಸಿತು.

ಮಾಳಿಗೆಗೆ ಹೋಗಿ ತಮ್ಮನನ್ನು ಕೇಳಿದರು. "ಯಾಕ ನಿಂತೈತಿ?"

"ವೈನಿಗೆ ಎಲ್ಲಾ ರೂಢಿ ಆಗೈತಿ ಅಣ್ಣಾ. ಹುಸೇನಬಿ ಏನಂತಾಳ, ಯಾವಾಗ ಕರೀತಾಳ, ಎಲ್ಲಾ ಗೊತ್ತು. ಕಾಲು ಬ್ಯಾಸರಕ್ಕ ಬಿದ್ದೈತಿ. ಅದಕ್ಕ ಒಂದು ಉಪಾಯ ಮಾಡೀನಿ. ಮಾರಾವ್ರಿಗೆ ಕಲಿಯೋ ಬುದ್ಧಿ ಕೊಟ್ಟೀನಿ! ಗಿರಾಕಿ ನೋಡಿ ತಾವಽ ಯಾಪಾರ ಕಲೀತಾರ!"

"ಯಾರನ್ನ ನೋಡಿ?"

"ಅಲ್ಲಿ ಬರೋ ಗಿರಾಕಿ ಒಬ್ಬರಽ. ವೈನಿ."

ವೀರಭದ್ರಪ್ಪನಿಗೆ ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಮುಂಜಾನೆ ಒಂಬತ್ತಕ್ಕೆ ನೀಲಗಂಗವ್ವ ಕನ್ನಡಕ ಏರಿಸಿದಳು. ವೀರಭದ್ರಪ್ಪ ಚೀಲ ಹಿಡಿದು ಹಿಂದೆ ನಿಂತರು. ಗುರುಪಾದಪ್ಪ ಲ್ಯಾಪ್‌ಟಾಪು ತೆರೆದು ಕೂತ. ಗಾಳಿಗೆಂದು ತಲೆಬಾಗಿಲು ತೆರೆದಿತ್ತು.

ಹುಸೇನಬಿ ದರ ಹೇಳಿದಳು. ನೀಲಗಂಗವ್ವ ಅರ್ಧ ಹೇಳಿದಳು.

ಲ್ಯಾಪ್‌ಟಾಪಿನಲ್ಲಿ ಗುರುಪಾದಪ್ಪ ಕಂಡದ್ದು ಇದು: ಕನ್ನಡಕದೊಳಗಿನ ಹುಸೇನಬಿ ಒಂದು ಮಾತೂ ಆಡಲಿಲ್ಲ. ಎದ್ದಳು. ಸೆರಗು ಬಿಗಿದಳು. ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಹಿಂದೆ ನೋಡದೆ ಹೊರಟುಬಿಟ್ಟಳು!

"ಎಲಾ!" ನೀಲಗಂಗವ್ವ ಬಾಯಿ ತೆರೆದು ನಿಂತಳು. "ಮಾರಾಕಿ ನೀನೋ, ನಾನೋ? ಬುಟ್ಟಿ ತಗೊಂಡು ಎತ್ಲಾಗ ಹೊಂಟಿ?"

ಹುಸೇನಬಿ ತಿರುಗಲಿಲ್ಲ.

"ಕರೀರಿ ವೈನಿ, ಕರದ್ರ ಬರ್ತಾಳ!" ಗುರುಪಾದಪ್ಪ ಕೂಗಿದ.

"ನಾ ಕರೀಬೇಕಾ? ನಾ?" ನೀಲಗಂಗವ್ವನ ಮೈಯೆಲ್ಲ ಉರಿಯಿತು. "ಇಪ್ಪತ್ತು ವರ್ಷದಾಗ ಕರದವಳಲ್ಲ! ಹೋಗ್ಲಿ, ಅಕಿ ಆ ಕಡೆ ಹೋದ್ರ ನಾ ಈ ಕಡೆ ಹೋಗ್ತೀನಿ. ಯಾರು ಮೊದ್ಲ ತಿರಗ್ತಾರ ನೋಡೇ ಬಿಡೂಣು!"

ಸೆರಗು ಬಿಗಿದಳು. ಹೊರಟಳು.

ದಾರಿ ಬಗ್ಗಬೇಕಿತ್ತು. ಬಗ್ಗಲಿಲ್ಲ! ಮಾರುವವಳು ಕೂತ ಜಾಗವೇ ಸುತ್ತಿನ ನಡುವು ಎಂದು ಗುರುಪಾದಪ್ಪ ಲೆಕ್ಕ ಹಾಕಿದ್ದ. ಆ ನಡುವೇ ಬುಟ್ಟಿ ಹೊತ್ತುಕೊಂಡು ದೂರ ದೂರ ನಡೆದಿತ್ತು. ನಡುವು ದೂರವಾದಷ್ಟೂ ಸುತ್ತು ದೊಡ್ಡದಾಯಿತು, ದಾರಿ ನೆಟ್ಟಗಾಯಿತು. ನೀಲಗಂಗವ್ವ ತೂಗುಮಣೆ ದಾಟಿದಳು, ಹೊಸ್ತಿಲು ದಾಟಿದಳು, ಕಾಲಿಗೆ ರೂಢಿಯಾದ ಕಟ್ಟೆಯ ಮೂರು ಮೆಟ್ಟಿಲನ್ನು ಒಂದು, ಎರಡು, ಮೂರು ಎಂದು ಇಳಿದು ಓಣಿಗೆ ಬಿದ್ದಳು!

"ಅಣ್ಣಾ, ಹಿಡಿ! ಕನ್ನಡಕ ತಗಿ!"

ವೀರಭದ್ರಪ್ಪ ಓಡಿದರು. ಕೈ ಚಾಚಿದವರು ಹಾಗೆಯೇ ಹಿಂದಕ್ಕೆ ತೆಗೆದರು. ನಿಂತವಳ ಕನ್ನಡಕ ಕಿತ್ತರೆ ಏನಾಗುತ್ತದೆಂದು ಒಮ್ಮೆ ನೋಡಿದ್ದರು. ಅಷ್ಟರಲ್ಲಿ ಅವರಿಗೆ ಇನ್ನೊಂದು ಕಂಡಿತು. ಹಿಂದಿರುಗಿ ನೋಡಿದರು. ಊರುಗೋಲು ಪಡಸಾಲೆಯ ಗೋಡೆಗೆ ಒರಗಿ ನಿಂತಿತ್ತು.

"ಗುರುಪಾದ, ಮೆಟ್ಟಲಾ ಇಳಿಯುವಾಗ ಎಷ್ಟು ತೋರಿಸ್ತು?"

"ಎಂಬತ್ತೊಂದು! ಎಂಬತ್ತೊಂದಣ್ಣಾ!"

"ಹಂಗಾರ ಹೋಗ್ಲಿ ಬಿಡು."

"ಬಿಡು ಅಂದ್ರ? ರಸ್ತೆ ಮ್ಯಾಲ ಗಾಡಿ ಅದಾವ!"

ವೀರಭದ್ರಪ್ಪ ಹೆಂಡತಿಯ ಮೊಣಕೈ ಹಿಡಿದರು. ಅವಳು ಕೊಡವಿದಳು. "ಮಾರ್ಕೆಟ್ಟಿನಾಗ ಕೈ ಹಿಡೀತೀರೇನ್ರಿ? ಮಂದಿ ನೋಡ್ತಾರ! ಚೀಲ ಹಿಡೀರಿ ಸಾಕು!"

ಕೈ ಬಿಟ್ಟರು. ಜೇಬಿಗೆ ಕೈ ಹಾಕಿದರು. ನಿವೃತ್ತಿಯಾಗಿ ಎಂಟು ವರ್ಷವಾದರೂ ಕೀಲಿಗೊಂಚಲಿನಲ್ಲಿ ಹಳೆಯ ಸೀಟಿ ಹಾಗೆಯೇ ಇತ್ತು. ಒಂದು ಸೀಟಿಗೆ ನಿಲ್ಲುವುದು, ಎರಡು ಸೀಟಿಗೆ ಹೊರಡುವುದು. ಮದುವೆಯಾದ ಹೊಸತರಲ್ಲಿ ನೀಲಗಂಗವ್ವ ತವರಿಗೆ ಹೋಗುತ್ತಿದ್ದದ್ದೂ ಇದೇ ಸೀಟಿಯ ಬಸ್ಸಿನಲ್ಲಿ.

ಪೀ...! ನೀಲಗಂಗವ್ವ ಗಕ್ಕನೆ ನಿಂತಳು. ಎದುರಿಗೆ ಎಮ್ಮೆಯೊಂದು ನಿಧಾನವಾಗಿ ಅಡ್ಡ ಹಾಯ್ದಿತು. ಪೀ-ಪೀ! ಹೊರಟಳು.

"ಎಡಕ್ಕ ಸ್ವಲ್ಪ, ಎಡಕ್ಕ... ರೈಟ್, ರೈಟ್, ರೈಟ್!"

ಓಣಿಯ ಎರಡೂ ಬದಿಗೆ ಜನ ಸೇರಿದರು. ಮುಂದೆ ಕಪ್ಪು ಡಬ್ಬಿ ಕಟ್ಟಿಕೊಂಡ ನೀಲಗಂಗವ್ವ, ಹಿಂದೆ ಖಾಲಿ ಚೀಲ ಹಿಡಿದು ಸೀಟಿ ಊದುವ ವೀರಭದ್ರಪ್ಪ, ಅವರ ಹಿಂದೆ ತೆರೆದ ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಹಿಡಿದು "ಎಂಬತ್ಮೂರು! ಎಂಬತ್ನಾಲ್ಕು!" ಎಂದು ಕೂಗುತ್ತ ಗುರುಪಾದಪ್ಪ.

"ಏನಿದು ಆಶ್ಚರ್ಯ!" ನೀಲಗಂಗವ್ವ ನಡೆಯುತ್ತಲೇ ಹೇಳಿದಳು. "ಯಲ್ಲವ್ವನೂ ಬುಟ್ಟಿ ಎತ್ತಿದ್ಲು! ದಾವಲಸಾಬನೂ ಎದ್ದ! ಎಲ್ಲಾರೂ ಹೊಂಟಾರ! ಇವತ್ತ ಬಂದ್ ಐತೇನ್ರಿ?"

ಕಲಿಯುವ ಬುದ್ಧಿ ಎಲ್ಲರಿಗೂ ಒಂದೇ ಆಗಿತ್ತು.

ದೊಡ್ಡ ರಸ್ತೆ ಬಂತು. ವೀರಭದ್ರಪ್ಪ ರಸ್ತೆಯ ನಡುವೆ ನಿಂತು ಕೈ ಅಡ್ಡ ಚಾಚಿ ಉದ್ದನೆಯ ಸೀಟಿ ಊದಿದರು. ಬಸ್ಸೊಂದು ಬ್ರೇಕು ಹಾಕಿತು. ಡ್ರೈವರು ಹಳೆಯ ಪರಿಚಯದವನು. ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನ್ರೀ ಕಂಡಕ್ಟರ್ ಸಾಹೇಬ್ರ, ಈ ಗಾಡಿ ಯಾವ ಊರಿಗೆ?"

"ಮಾರ್ಕೆಟ್ಟಿಗೆ! ನಡುವ ಸ್ಟಾಪ್ ಇಲ್ಲ!"

ಪೀ-ಪೀ! ರಸ್ತೆ ದಾಟಿತು. ಬಸ್ಸಿನೊಳಗಿನವರೆಲ್ಲ ಒಂದೇ ಬದಿಗೆ ಬಂದು ನೋಡಿದರು. ಆಚೆಯ ಕಟ್ಟೆಗೆ ಎತ್ತರದ ಒಂದು ಮೆಟ್ಟಿಲು. ನೀಲಗಂಗವ್ವ ಹಳೆಯ ರೂಢಿಗೇ ಹತ್ತಿದಳು. "ಎಂಬತ್ತೆಂಟು!" ಗುರುಪಾದಪ್ಪ ಇನ್ನೂ ಜೋರಾಗಿ ಕೂಗಿದ.

ಆದರೆ ವೀರಭದ್ರಪ್ಪ ಹೆಂಡತಿಯ ಕುತ್ತಿಗೆ ನೋಡುತ್ತಿದ್ದರು. ಬೆವರಿಳಿಯುತ್ತಿತ್ತು. ಹೆಜ್ಜೆ ಸಣ್ಣದಾಗಿತ್ತು. ಆರುನೂರು ಹೆಜ್ಜೆ ಆಗಿತ್ತು, ಸಾಕು. ಆದರೆ ಹುಸೇನಬಿ ಕರೆಯದೆ ಇವಳು ನಿಲ್ಲುವವಳಲ್ಲ. ಲ್ಯಾಪ್‌ಟಾಪಿನೊಳಗಿನ ಹುಸೇನಬಿ ಕರೆಯುವ ಲಕ್ಷಣ ಇರಲಿಲ್ಲ.

"ಬಂದ್ ಮಾಡೋ ಅದನ್ನ!"

"ಬಂದ್ ಮಾಡಿದ್ರ ಕಣ್ಣಿಗೆ ಒಮ್ಮೆಗೇ ಕತ್ತಲಿ ಆಗ್ತದ ಅಣ್ಣಾ! ಬೀಳ್ತಾರ!"

ಮಾರ್ಕೆಟ್ಟು ಬಂದಿತ್ತು. ನಿಜವಾದ ಮಾರ್ಕೆಟ್ಟು. ದಾವಲಸಾಬನ ಉಳ್ಳಾಗಡ್ಡಿ ದಾಟಿತು. ಯಲ್ಲವ್ವನ ಸೊಪ್ಪು ದಾಟಿತು. ತುದಿಯಲ್ಲಿ ನಿಜವಾದ ಹುಸೇನಬಿ ಬುಟ್ಟಿಯ ಮುಂದೆ ಕೂತಿದ್ದಳು. ಆರು ವಾರದಿಂದ ಕಾಣದ ಯಕ್ಕ ಬರುವುದನ್ನು ನೋಡಿ ಅವಳ ಮುಖ ಅರಳಿತು. ಯಕ್ಕ ಅವಳ ಮುಂದಿನಿಂದಲೇ ಹಾಯ್ದು, ಬುಟ್ಟಿಯ ಕಡೆ ತಲೆ ಕೂಡ ತಿರುಗಿಸದೆ ಮುಂದೆ ಹೊರಟುಬಿಟ್ಟಳು!

ಇಪ್ಪತ್ತು ವರ್ಷದಲ್ಲಿ ದರವನ್ನೇ ಕೇಳದೆ ಯಕ್ಕ ಹೋದದ್ದಿಲ್ಲ. ಹುಸೇನಬಿ ಗಾಬರಿಯಾಗಿ ಅರ್ಧ ಎದ್ದು ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಕೂಗಿದಳು:

"ಯಕ್ಕಾ! ಬಾ ಇಲ್ಲೆ! ನಿನ್ನ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ, ನೀ ಎಷ್ಟು ಅಂತಿ ಅಷ್ಟಕ್ಕಽ ತಗೋ!"

ನೀಲಗಂಗವ್ವ ನಿಂತಳು. ಒಂದು ಉಸಿರು ಬಿಟ್ಟಳು. ಮೆಲ್ಲಗೆ ತಿರುಗಿದಳು. ಕನ್ನಡಕದ ಕೆಳಗೆ ತುಟಿಯ ಎರಡೂ ಅಂಚು ಕಿವಿಯ ಕಡೆ ಹೋದವು.

"ಹಾಂ. ಈಗ ದಾರಿಗೆ ಬಂದಿ," ಎಂದು ದನಿ ಬಂದ ಕಡೆಗೆ ನಡೆದಳು. ವೀರಭದ್ರಪ್ಪ ಹುಸೇನಬಿಯ ಪಕ್ಕದ ಟೊಮೆಟೊ ಪೆಟ್ಟಿಗೆಯನ್ನು ಬೋರಲು ಹಾಕಿ ಹಿಂದೆ ಸರಿಸಿದರು. ಕಂಡಕ್ಟರು ಸೀಟು ಹುಡುಕಿ ಕೊಟ್ಟಿದ್ದನ್ನು ತಿಳಿದವಳಂತೆ ನೀಲಗಂಗವ್ವ ಕೂತಳು. ಪೆಟ್ಟಿಗೆ ಕುರ್ಚಿಗಿಂತ ಒಂದು ಗೇಣು ತಗ್ಗು. ಕೂತವಳು ಕಾಲು ಮುಂದೆ ಚಾಚಲೂ ಇಲ್ಲ. ಚಾಚಲು ಬುಟ್ಟಿ ಅಡ್ಡ ಇತ್ತು.

ಗುರುಪಾದಪ್ಪ ಲ್ಯಾಪ್‌ಟಾಪನ್ನು ಅಣ್ಣನ ಮುಖಕ್ಕೆ ಹಿಡಿದ. ತೊಂಬತ್ತಾರು!

ನೀಲಗಂಗವ್ವ ಕೈ ಮುಂದೆ ಮಾಡಿ, ಬುಟ್ಟಿ ತಡವಿ, ಬದನೆಕಾಯಿಯೊಂದನ್ನು ಎತ್ತಿದಳು. ಹೆಬ್ಬೆರಳಿನಿಂದ ಒತ್ತಿದಳು. ಮತ್ತೆ ಒತ್ತಿದಳು. ತೊಟ್ಟಿನ ಮುಳ್ಳು ಚುಚ್ಚಿತು.

"ಗುರುಪಾದಾ!" ಅವಳು ಕೂಗಿದಳು. "ಇವತ್ತ ಬದನಿಕಾಯಿ ಕೈಗೆ ಹತ್ತಿತಲ್ಲೋ ತಮ್ಮಾ! ಮುಳ್ಳು ಸೈತ ಮಾಡೀಯಲ್ಲ! ಈಗ ನೋಡು, ನಿನ್ನ ಯಂತ್ರ ಒಂದು ಹದಕ್ಕ ಬಂತು!"

ಇಡೀ ಮಾರ್ಕೆಟ್ಟು ನಕ್ಕಿತು. ಹುಸೇನಬಿ ಕಣ್ಣು ಒರೆಸಿಕೊಂಡಳು. ನೀಲಗಂಗವ್ವ ಕೂತಿದ್ದವಳು ಕನ್ನಡಕ ತೆಗೆದಳು. ಸುತ್ತ ನೋಡಿದಳು, ಕೆಳಗೆ ನೋಡಿದಳು, ಮಡಿಚಿದ ತನ್ನ ಮೊಣಕಾಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬದನೆಕಾಯಿಯನ್ನು ಹಿಂದೆ ನೋಡದೆ ಹಿಂದಕ್ಕೆ ಚಾಚಿದಳು. ಚೀಲ ಅಲ್ಲೇ ಇತ್ತು. ಈ ಸಲ ತೂಕವೂ ಇತ್ತು.

"ನಾ ಹೇಳಿದ್ದಽ ದರ ಅಂದಿ ಮತ್ತ," ಅವಳು ಹುಸೇನಬಿಗೆ ನೆನಪಿಸಿದಳು. "ಸಾಕ್ಷಿಗೆ ಇಷ್ಟು ಮಂದಿ ಅದಾರ!"

ಮೂರನೆಯ ದಿನ ಡಾಕ್ಟರು ಮೊಣಕಾಲು ಅಳೆದು, ಮತ್ತೊಮ್ಮೆ ಅಳೆದು, "ತೊಂಬತ್ತೆಂಟು! ಒತ್ತೋ ಪ್ರಶ್ನೆಯೇ ಇಲ್ಲಮ್ಮ. ಯಾವ ವ್ಯಾಯಾಮ ಮಾಡಿದ್ರಿ?" ಎಂದು ಕೇಳಿದರು.

"ವ್ಯಾಯಾಮ ಎಲ್ಲಿ ಮಾಡ್ಲಿ ಸಾಹೇಬ್ರ, ಮಾರ್ಕೆಟ್ಟಿಗೆ ಹೋಗಾಕಽ ಹೊತ್ತು ಸಾಲೂದಿಲ್ಲ," ಎಂದಳು ನೀಲಗಂಗವ್ವ.

ಕನ್ನಡಕ ಈಗ ಕಪಾಟಿನ ಮೇಲಿದೆ. ಗುರುಪಾದಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಅದರೊಳಗಿನ ಮಾರ್ಕೆಟ್ಟು ಇಂದಿಗೂ ಖಾಲಿ ಬಿದ್ದಿದೆ. ಒಬ್ಬರೂ ತಿರುಗಿ ಬಂದಿಲ್ಲ. ತಮ್ಮನ್ನು ಯಾರಾದರೂ ಕರೆದಾರೆಂದು ಕಾಯುತ್ತ ಎಲ್ಲರೂ ಬುಟ್ಟಿ ಹೊತ್ತು ನಡೆಯುತ್ತಲೇ ಇದ್ದಾರೆ. ಅವರು ಗಿರಾಕಿಯ ದನಿಗಷ್ಟೇ ತಿರುಗುವಂತೆ ಅವನೇ ಮಾಡಿಟ್ಟಿದ್ದ. ಯಂತ್ರಕ್ಕೆ ಗೊತ್ತಿರುವ ಗಿರಾಕಿ ಒಬ್ಬಳೇ.

ಮೊನ್ನೆ ಅವನು ಲ್ಯಾಪ್‌ಟಾಪು ಹಿಡಿದು ಮಾಳಿಗೆ ಇಳಿದು ಬಂದ. ನೀಲಗಂಗವ್ವ ಕಟ್ಟೆಯ ಮೇಲೆ ಪಾರವ್ವನ ಜೊತೆ ನುಗ್ಗೆಕಾಯಿ ಮುರಿಯುತ್ತ ಕೂತಿದ್ದಳು.

"ವೈನಿ, ಹುಸೇನಬಿ ಇವತ್ತಿಗೆ ನಾಕ್ನೂರು ಕಿಲೋಮೀಟರ್ ದಾಟಿದ್ಲು. ಒಂದಽ ಒಂದು ಸಲ ಕರೀರಿ. ನಿಮ್ಮ ದನಿ ಕೇಳಿದ್ರ ಹೊಳ್ಳಿ ಬರ್ತಾಳ."

ನೀಲಗಂಗವ್ವ ತಲೆ ಎತ್ತಲಿಲ್ಲ.

"ಕರದು ಏನು ಮಾಡೂದೋ ತಮ್ಮಾ? ಇಷ್ಟೊತ್ತಿಗೆ ಆ ಬದನಿಕಾಯಿ ಬಾಡಿರ್ತಾವ."